ಮೂರು ಹತ್ತರ ಹುಟ್ಟು

ಕೂಡ್ಲೂರಿನ ಕೈಗಾರಿಕಾ ಬಡಾವಣೆ, ಕೊನೆಯ ಶೆಡ್ಡು.
ಕಾಫಿಯಿಂದ ನಿದ್ದೆಗೇಡನ್ನು ಹಿಂಡಿ ತೆಗೆದು
ಬಿಳಿ ಸೂಜಿಗಳಾಗಿ ಮಾರುವ ಕಾರ್ಖಾನೆ.
ನನ್ನ ಕೆಲಸ: ಆ ಸೂಜಿಗಳು ಹುಟ್ಟುವ ಮೊದಲೇ
ಅವುಗಳ ಜನಗಣತಿ.

ನಗಬೇಡಿ. ಸಮೀಕರಣದ ಹೆಸರೇ ಹಾಗೆ,
ಜನಸಂಖ್ಯೆಯ ಲೆಕ್ಕ.
ಇಷ್ಟು ಹುಟ್ಟಿದವು, ಇಷ್ಟು ಬೆಳೆದವು,
ಕಲಕುವ ರೆಕ್ಕೆಗೆ ಸಿಕ್ಕಿ ಇಷ್ಟು ಮುರಿದವು.
ಮುರಿದದ್ದು ಸತ್ತವರ ಖಾತೆಗೆ,
ಅದರ ಎರಡು ಚೂರು ಹುಟ್ಟಿದವರ ಖಾತೆಗೆ.
ಯಾವ ಪಂಚಾಯಿತಿಯೂ
ಇಷ್ಟು ನಿಷ್ಠುರವಾಗಿ ದಾಖಲೆ ಬರೆದಿರಲಾರದು.

ಎರಡು ಸಾವಿರ ಲೀಟರಿನ ಹಂಡೆ.
ಹೊರಮೈ ಸುತ್ತ ಹಾರಂಗಿ ನಾಲೆಯಷ್ಟೇ ತಣ್ಣನೆಯ ನೀರು.
ಎಂಬತ್ತು ಡಿಗ್ರಿಯಿಂದ ದ್ರಾವಣ ಇಳಿಯಬೇಕು,
ಮೊದಲು ನಿಧಾನ, ಆಮೇಲೆ ಬೇಗ,
ಮಡಿಕೇರಿಯಿಂದ ಇಳಿಯುವ ಬಸ್ಸಿನ ಹಾಗೆ:
ಸುಂಟಿಕೊಪ್ಪದವರೆಗೆ ತಿರುವು, ಆಮೇಲೆ ಓಟ.

ತಡೆದುಕೊಳ್ಳಲಾರದಷ್ಟು ತುಂಬಿಕೊಂಡೂ
ತಿಳಿಯಾಗಿಯೇ ಇರುವ ಒಂದು ಹೊತ್ತಿದೆ.
ಪುಸ್ತಕ ಅದನ್ನು ಅತಿಪರ್ಯಾಪ್ತ ಎನ್ನುತ್ತದೆ.
ಪಾಕ ಹಿಡಿದವರಿಗೆ ಗೊತ್ತು,
ಬೆರಳ ನಡುವೆ ಎಳೆ ನಿಂತ ಮೇಲೆ
ಒಲೆಯ ಮುಂದೆ ಸೀನಲೂ ಹೆದರಿಕೆ.
ಆ ಹೊತ್ತಿಗೆ ಬಿತ್ತುತ್ತೇವೆ
ಹಳೆಯ ಹರಳಿನ ಪುಡಿ, ಒಂದೂವರೆ ಕಿಲೋ.
ಹೊಸಬರು ಹುಟ್ಟದಿರಲಿ, ಇದ್ದವರೇ ದಪ್ಪವಾಗಲಿ.
ಇಷ್ಟೇ ನನ್ನ ಗಣಿತದ ಪ್ರಾರ್ಥನೆ.

ಹನ್ನೊಂದು ರಾತ್ರಿ ಗೆರೆ ಮಾದರಿಯ ಮೇಲೆಯೇ ನಡೆಯಿತು,
ಮೂರು ಹತ್ತರವರೆಗೆ.
ಮೂರು ಹತ್ತಕ್ಕೆ ಎಲ್ಲಿಂದಲೋ ಕೋಟಿ ಕೂಸುಗಳು.
ಸೋಸುವ ಬಟ್ಟೆ ಕಟ್ಟಿಕೊಂಡು
ಬೆಳಿಗ್ಗೆ ಮಾಲೆಲ್ಲ ಹಿಟ್ಟು.

ಹುಟ್ಟಿನ ಘಾತಾಂಕ ತಿದ್ದಿದೆ.
ಕಲಕುವ ವೇಗ ಕಡಿಮೆ ಮಾಡಿಸಿದೆ.
ಉಷ್ಣಮಾಪಕದ ಮೇಲೆ ಅನುಮಾನ, ಬದಲಿಸಿದೆ.
ಆಮೇಲೆ ನೀರಿನ ಮೇಲೆ, ಪಂಪಿನ ಮೇಲೆ,
ನನ್ನ ಮೇಲೆ.
ಕೊನೆಗೆ ಹೆಸರಿಲ್ಲದ ಒಂದು ಪದ ಸೇರಿಸಿ
ಅದರ ಕೆಳಗೆ ‘ಕಾರಣ ತಿಳಿಯದು’ ಎಂದು ಬರೆದೆ.

ಹನ್ನೆರಡನೆಯ ರಾತ್ರಿ ಪರದೆ ಬಿಟ್ಟು ಹಂಡೆಯ ಪಕ್ಕ ಕೂತೆ.
ಡಿಸೆಂಬರು. ಆನೆಕಾಡಿನ ಕಡೆಯಿಂದ ಮಂಜು
ಬಾಗಿಲ ಕೆಳಗೆ ನುಸುಳುತ್ತಿತ್ತು.
ಪಾಳಿಯ ಜೋಯಪ್ಪ ಫ್ಲಾಸ್ಕಿನಿಂದ
ಬೆಲ್ಲದ ಕಾಫಿ ಎರಡು ಲೋಟಕ್ಕೆ ಸುರಿದರು.
ಗಡಿಯಾರ ನೋಡಿ ಎದ್ದರು. ಸ್ಪ್ಯಾನರು ತೆಗೆದು
ಹಂಡೆಯ ಹೊಟ್ಟೆಗೆ
ಠಣ್. ಠಣ್. ಸ್ವಲ್ಪ ತಡೆದು, ಠಣ್.

ಗಾಜಿನ ಕಿಂಡಿಯಲ್ಲಿ ದ್ರಾವಣ ಬೆಳ್ಳಗೆ ಬೆಚ್ಚಿತು.

‘ಎಂತಕ್ಕೆ ಜೋಯಪ್ಪ?’
‘ತಳದಲ್ಲಿ ಕಟ್ಟಿಕೊಳ್ತದಲ್ಲ ಮೇಡಂ,
ಹಳೇ ಹಂಡೆಗೆ ಹೊಡೀತಿದ್ದೆವು. ಇದಕ್ಕೂ ಇರಲಿ ಅಂತ.
ಮತ್ತೆ, ಆ ಹೊತ್ತಿಗೆ ನನಗೂ ಕಣ್ಣು ಎಳೀತದೆ.’

ನಿದ್ದೆಗೇಡು ಹರಳಾಗುವ ಹಂಡೆಯ ಪಕ್ಕ
ನಿದ್ದೆ ತಡೆಯಲು ಒಬ್ಬರು ಬಾರಿಸುವ ಗಂಟೆ
ನನ್ನ ಯಾವ ಅಕ್ಷರದಲ್ಲೂ ಇರಲಿಲ್ಲ.

ಹೊಡೆಯಬೇಡಿ ಎಂದರೆ ಮುಗಿಯುತ್ತಿತ್ತು. ಎಂದೆ ಕೂಡ.
ಮರುರಾತ್ರಿ ಸೂಜಿಗಳು ಉದ್ದ, ಸಮ, ರೇಷ್ಮೆ;
ಮ್ಯಾನೇಜರು ಅಂಗೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡರು.
ಜೋಯಪ್ಪ ಈಗ ಮೂರು ಹತ್ತಕ್ಕೆ ಹೊರಗೆ ಹೋಗಿ
ಗೇಟಿನ ಕಂಬಕ್ಕೆ ಹೊಡೆದು ಬರುತ್ತಾರೆ.

ವರದಿಯಲ್ಲಿ ಆ ಹೆಸರಿಲ್ಲದ ಪದವನ್ನು ಸೊನ್ನೆ ಮಾಡಿದ್ದೇನೆ,
ಅಳಿಸಿಲ್ಲ.
ಅದಕ್ಕೆ ‘ಜ’ ಎಂದು ಗುರುತು ಇಟ್ಟಿದ್ದೇನೆ.
ಪರಿಶೀಲಿಸಿದವರು ಕೇಳಿದ್ದಾರೆ,
ಜ ಅಂದರೆ ಏನು, ಅದರ ಮಾನ ಯಾವುದು.
ಉತ್ತರ ಬರೆಯುತ್ತಿದ್ದೇನೆ:
ರಾತ್ರಿಗೆ ಮೂರು ಏಟು.