ಬಿಡಿಭಾಗಗಳ ಕಿಟಕಿಯಿಂದ

ಟುರಿನ್ನಿನ ಹೊರಗೆ, ರೈಲು ಹಳಿಯಾಚೆ,
ಒಂಬತ್ತನೇ ಗೇಟಿನ ಪಕ್ಕದಲ್ಲಿ ನನ್ನ ಕಿಟಕಿ.
ಇಪ್ಪತ್ತಾರು ವರ್ಷದಿಂದ ಇಲ್ಲೇ ಕೂತಿದ್ದೇನೆ.
ಮಾರುವವರಿಗೆ ಕಾರಿನ ಮುಖ ಗೊತ್ತು,
ನನಗೆ ಅದರ ಕಾಯಿಲೆ.

ಇವತ್ತು ಮೇಲಿನ ಮಹಡಿಯಲ್ಲಿ ಸಭೆ.
ಮಿಲಾನಿನಿಂದ ಬಂದ ಮೂವರು ಸಲಹೆಗಾರರು
ಗಾಜಿನ ಗೋಡೆಗೆ ಹಳದಿ ಚೀಟಿ ಅಂಟಿಸುತ್ತಿದ್ದಾರೆ:
ಇರುವ ಒಂಬತ್ತು ಮಾದರಿಗೆ ಒಂಬತ್ತು,
ಇನ್ನೂ ಹುಟ್ಟದ ನಾಲ್ಕಕ್ಕೆ ನಾಲ್ಕು.
ಸಾಲ ಬರೆಯಲು ಮಾತ್ರ ಚೀಟಿ ಸಾಲಲಿಲ್ಲವಂತೆ,
ಕಾಫಿ ಕೊಟ್ಟು ಇಳಿದುಬಂದ ಫುಲ್ವಿಯೊ ಹೇಳಿದ.

ನನ್ನನ್ನು ಯಾರೂ ಕೇಳಿಲ್ಲ. ಆದರೂ
ರಸೀತಿ ಹಾಳೆಯ ಬೆನ್ನಿಗೆ ಬರೆಯುತ್ತಿದ್ದೇನೆ.

ಮೊದಲು, ಎತ್ತರದ ಆ ಐದು ಗಾಡಿಗಳು.
ಐದು ಅನ್ನುವುದು ನಮ್ಮ ಬಣ್ಣದ ಪುಸ್ತಿಕೆ ಮಾತ್ರ;
ಒಂದೇ ಕೂಸಿಗೆ ಐದು ಸಲ ನಾಮಕರಣ,
ಐದು ಸಲ ಊಟ.
ಅದೇ ಎದೆ, ಅದೇ ಹೊಟ್ಟೆ, ಬಂಪರು ಬೇರೆ.
ಬಂಪರು ಬೇರೆಯಾದರೆ ನನ್ನ ಕಪಾಟೂ ಬೇರೆ:
ಒಂದೇ ದೀಪಕ್ಕೆ ಐದು ಅಳತೆಯ ಕ್ಲಿಪ್ಪು,
ಎಡದ ದೀಪ ಎರಡು ಸಾವಿರ ಧೂಳು ತಿನ್ನುತ್ತಿವೆ,
ಕೇಳಿದವರಿಗೆ ಕೊಡಲು ಬಲದ್ದು ಒಂದೂ ಇಲ್ಲ.
ಬೆಟ್ಟ ಹತ್ತುವ ಗಾಡಿಯೆಂದು ಜಾಹೀರಾತು.
ನಾನು ಕಂಡಂತೆ ಅವು ಹತ್ತಿದ್ದು
ಶಾಲೆಯ ಮುಂದಿನ ಫುಟ್‌ಪಾತು.
ಒಂದಿರಲಿ. ನಾಲ್ಕು ಹೋಗಲಿ.

ದೊಡ್ಡ ಸೆಡಾನು. ಅದನ್ನೀಗ ಕೊಳ್ಳುವವರು
ನೋಟರಿಗಳು, ಮತ್ತು ಹೆಣ ಸಾಗಿಸುವವರು.
ನೋಟರಿಗಳಿಗೆ ವಯಸ್ಸಾಯಿತು.
ಕಿವಾಸ್ಸೊದ ಶವಗಾಡಿಯ ಮುದುಕ ನಗುತ್ತಾನೆ:
"ಹಿಂದೆ ಮಲಗಿದ ಒಬ್ಬರೂ ಇವತ್ತಿನವರೆಗೆ ದೂರಿಲ್ಲ."
ಅವರ ಮೆಚ್ಚುಗೆಯಿಂದ ಕಾರ್ಖಾನೆ ನಡೆಯುವುದಿಲ್ಲ.
ಅದರ ಮಗ್ಗುಲಿನ ಸ್ಟೇಷನ್ ವ್ಯಾಗನ್ನೂ ಹಾಗೇ.

ವ್ಯಾನನ್ನು ಮಾತ್ರ ಮುಟ್ಟಬೇಡಿ.
ಕುಳ್ಳು, ಚೌಕ, ಬಿಸ್ಕತ್ತಿನ ಡಬ್ಬಿಯಂಥ ಮುಖ,
ಯಾವ ಮೋಟಾರು ಮೇಳದಲ್ಲೂ ವೇದಿಕೆ ಹತ್ತಿದ್ದಲ್ಲ.
ಬೆಳಗಿನ ನಾಲ್ಕಕ್ಕೆ ಬ್ರೆಡ್ಡು ಒಯ್ಯುವ ಜೆಸುಯಿನಾ,
ಹೂವಿನ ಸಗಟು ಮಾರುಕಟ್ಟೆಯ ಇದ್ರಿಸ್,
ಒಬ್ಬರೊಡನೊಬ್ಬರು ಮಾತಾಡದ ಆ ಕೊಳಾಯಿ ಸೋದರರು,
ವರ್ಷಕ್ಕೊಮ್ಮೆ ಬರುತ್ತಾರೆ. ಬ್ರೇಕಿನ ಪ್ಯಾಡು, ವೈಪರು, ಅಷ್ಟೇ.
ನಾಲ್ಕು ಲಕ್ಷ ಕಿಲೋಮೀಟರು ಓಡಿಸಿ
"ಹೊಸದು ಯಾವಾಗ?" ಎನ್ನುತ್ತಾರೆ.
ಹನ್ನೆರಡು ವರ್ಷದಿಂದ ಅದಕ್ಕೆ ಹೊಸ ಬಣ್ಣವೂ ಇಲ್ಲ.
ಕೇಳುವವರನ್ನು ಕಾಯಿಸಿ
ಕೇಳದವರ ಬಾಗಿಲು ಬಡಿಯುತ್ತಿದ್ದೇವೆ.
ಅದಕ್ಕೆ ಬ್ಯಾಟರಿ ಹಾಕಿ, ಚಿಕ್ಕದು ಸಾಕು,
ದಿನಕ್ಕೆ ತೊಂಬತ್ತು ಕಿಲೋಮೀಟರಿನ ಬದುಕು ಅವರದು.
ಹಿಂಬಾಗಿಲ ಕೀಲು ಮಾತ್ರ ಬದಲಿಸಬೇಡಿ,
ದಯವಿಟ್ಟು.

ಈಗ ಕೂಪೆ.

ಪೆನ್ನು ಇಲ್ಲಿ ನಿಂತಿತು.
ಕೆಂಪು, ತಗ್ಗು, ಎರಡೇ ಬಾಗಿಲು.
ಹೋದ ವರ್ಷ ಮುನ್ನೂರ ಹನ್ನೆರಡು ಹೋದವು,
ಒಂದೊಂದರ ಜೊತೆಗೂ ನಾವೇ ದುಡ್ಡು ಕಟ್ಟಿ ಕಳಿಸಿದಂತೆ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.
ಆದರೆ ಅದರ ಬಾಗಿಲಿನ ಹಿಡಿ
ಅಪ್ಪ ಜೇಡಿಮಣ್ಣಿನಲ್ಲಿ ಕೆತ್ತಿದ್ದು,
ನಮ್ಮ ಅಡುಗೆಮನೆ ಮೇಜಿನ ಮೇಲೆ,
ಹನ್ನೊಂದರ ನನ್ನ ಬೆರಳುಗಳನ್ನು ಒತ್ತಿಸಿ ಒತ್ತಿಸಿ.
"ಕಾರು ಮೊದಲು ಕೈ ಹಿಡಿಯಬೇಕು,
ಓಡುವುದು ಆಮೇಲೆ" ಅಂದಿದ್ದ.
ಮೈ ಮೂರು ಸಲ ಬದಲಾಯಿತು, ಹಿಡಿ ಬದಲಾಗಲಿಲ್ಲ.
ಅದನ್ನು ವ್ಯಾನಿಗೆ ಹಾಕಬಹುದೇ ಎಂದು
ಊಟದ ಹೊತ್ತಲ್ಲಿ ಗೋದಾಮಿಗೆ ಹೋಗಿ ನೋಡಿದೆ.
ಆಗುವುದಿಲ್ಲ. ಕೈಗವಸಿನ ಕೈ ಒಳಗೆ ಹೋಗುವುದಿಲ್ಲ.

ಕೂಪೆ: ನಿಲ್ಲಿಸಿ.
ಎರಡು ಸಲ ಗೀಚಿ ಮತ್ತೆ ಅದನ್ನೇ ಬರೆದೆ.

ಪುಟ್ಟ ಕಾರಿನ ಬಗ್ಗೆ ಬರೆಯುವಷ್ಟರಲ್ಲಿ ಗಂಟೆ ಒತ್ತಿದರು.
ಇದ್ರಿಸ್. ತೋಳಿಗೆ ಅಂಟಿದ ಎಲೆ, ಕೈಯಲ್ಲಿ ಮುರಿದ ವೈಪರು,
ವ್ಯಾನು ಗೇಟಿಗೆ ಅಡ್ಡ ನಿಂತಿದೆ, ಅವಸರ.
ಹಾಳೆ ತಿರುಗಿಸಿ ಬರೆದೆ: ವೈಪರು, ಒಂದು ಜೊತೆ.
ಮುದ್ರೆ ಒತ್ತಿ, ಹರಿದು, ಕೊಟ್ಟೆ.
ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ.

ಮೇಲೆ ಕುರ್ಚಿಗಳು ಸರಿದ ಸದ್ದು.
ಎಲ್ಲರೂ ಊಟಕ್ಕೆ ಎದ್ದಿರಬೇಕು.