ಸ್ಟೂಲು

ಭಾಷಾನಗರದ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತೊಂದು ವರ್ಷ
ಹೊಟ್ಟು ಉರಿಸಿ, ಹಳೇ ಟೈರು ಉರಿಸಿ
ಮರಳು ಕಾಸಿದವನು ದಾದಾಪೀರ್.
ಎಕ್ಸ್‌ರೇ ಬೆಳಕಿಗೆ ಹಿಡಿದರೆ ಕಾಣುವುದು
ಭಟ್ಟಿಯದೇ ಸೂರು: ಜಂತಿ, ಮಸಿ, ಜೇಡರ ಬಲೆ.

ಅಳಿಯ ಬಾಗಿಲಲ್ಲಿ ತಡೆದ:
'ಮೆಷಿನ್ ಹಾಕ್ರಿ ಡಾಕ್ಟ್ರಮ್ಮ, ಸೈಟು ಮಾರ್ತೀವಿ.'
ಹಾಕಬಲ್ಲೆ. ಕರೆಂಟು ಹೋದರೂ
ಬೆರಳಂದಾಜಲ್ಲೇ ಕೊಳವೆ ಇಳಿಸಬಲ್ಲೆ.
ಬರುವ ಕೆಲಸವೆಲ್ಲ ಮಾಡುವ ಕೆಲಸವಲ್ಲ,
ಅದು ಕಲಿಯಲಿಕ್ಕೇ ಇಪ್ಪತ್ತು ವರ್ಷ ಹಿಡಿಯಿತು.
ಬೇಡಪ್ಪಾ, ಅಂದೆ. ಸೈಟು ಇರಲಿ.

ನಡುರಾತ್ರಿ ಅವನೇ ಮಾಸ್ಕು ಸರಿಸಿ
ನನ್ನ ಕೋಟಿನ ಚುಂಗು ಹಿಡಿದ:
'ಒಂದು ಸೂಜಿ ಚುಚ್ಚಿ ಮುಗಿಸಿಬಿಡ್ರಿ.
ನಿಮ್ಮ ಕೈ ಹಗುರ ಅಂತಾರೆ.'
ಬೀರುವಿನ ಬೀಗದ ಕೈ ನನ್ನ ಜೇಬಲ್ಲೇ ಇತ್ತು.
ಇಲ್ಲ, ಅಂದೆ.
ಈ ಇಲ್ಲ ಹೆಚ್ಚು ಭಾರ.

ಎರಡು ಇಲ್ಲಗಳ ನಡುವೆ ಉಳಿದ ಜಾಗ
ಒಂದು ಸ್ಟೂಲು ಹಿಡಿಯುವಷ್ಟು.
ಎಳೆದು ಕೂತೆ.
ಏದುಸಿರಿಗೆ ಅಳೆದಷ್ಟೇ ಮಾರ್ಫಿನ್,
ತುಟಿಗೆ ಒದ್ದೆ ಹತ್ತಿ, ಕಿಟಕಿ ಅರ್ಧ ತೆರೆದಿತ್ತು.

ಉಸಿರು ಸ್ವಲ್ಪ ಸಡಿಲವಾದಾಗ ಹೇಳಿದ:
'ಮರಳು ಹದವಾಯ್ತಾ ನೋಡೋಕೆ
ನಾಕೇ ಅಕ್ಕಿ ಎಸೀಬೇಕು.
ಅರಳಿದ ಕೂಡಲೇ ಜಾಲರಿಗೆ ಎತ್ತಬೇಕು.
ಇನ್ನೊಂದೇ ಗಳಿಗೆ ಅಂತ ಆಸೆಪಟ್ಟೆಯೋ,
ಸೀದು ಹೋಗುತ್ತೆ.'

ಅಜಾನಿಗೆ ಮುಂಚೆ ಹೋದ.
ಅಳಿಯ ನನ್ನ ಮುಖ ನೋಡಲಿಲ್ಲ.

ಬೆಳಿಗ್ಗೆ ಓಪಿಡಿಯ ಮೊದಲ ಚೀಟಿ:
ತಬಸ್ಸುಮ್, ಹದಿನಾರು, ಒಣಕೆಮ್ಮು.
ಔಷಧಿ ಬರೆಯುವ ಮೊದಲು ಕೇಳಿದೆ,
'ಯಾವ ಭಟ್ಟಿ? ಮಾಲೀಕನ ಹೆಸರು ಹೇಳು.'