ಎರಡೂ ಬಾಗಿಲು ತೆರೆದಿರುವ ಗಳಿಗೆ

ಸಂಬಂಧ ತಂದ ದಲ್ಲಾಳಿಯ ಗತ್ತಿನಲ್ಲಿ
ಗೋಣಿಚೀಲ ಸರಿಸಿದ ಗಂಗುಲಪ್ಪ.
ಹಳೇ ಟೈರುಗಳ ಮೇಲೆ ಎರಡು ಎಂಜಿನ್ನು.

ಒಂದು, ಸಾವಿರದ ಮುನ್ನೂರು ಸಿಸಿ.
ಗೌರಿಬಿದನೂರಿನ ರಿಟೈರಾದ ಹೆಡ್‌ಮಾಸ್ಟರದು,
ಒಂದು ದಿನವೂ ಅರವತ್ತು ದಾಟಿಸಿದವರಲ್ಲವಂತೆ,
ದಾಟಿಸಿದರೆ ಯಾರೋ ಹಾಜರಿ ಕೂಗಿಬಿಡುತ್ತಾರೆ ಎಂಬಂತೆ.
ಇನ್ನೊಂದು, ಸಾವಿರದ ಆರುನೂರು.
ಯಾವ ಊರಿನದೋ, ಯಾರು ಹೇಗೆ ಓಡಿಸಿದರೋ.
‘ನಂಬರಿನ ಮೇಲೆ ಉಳಿ ಆಡಿಲ್ಲ, ಅಷ್ಟು ಹೇಳಬಲ್ಲೆ.’

ನನ್ನದು ಮೂಲೆಯಲ್ಲಿ ಬಿದ್ದಿದೆ.
ನಂದಿಯ ಮೂವತ್ತೇಳನೆಯ ತಿರುವಿನಲ್ಲಿ
ಕನೆಕ್ಟಿಂಗ್ ರಾಡು ಬ್ಲಾಕನ್ನು ಒದ್ದು ಹೊರಬಂದ ತೂತು.
ನನ್ನ ಮುಷ್ಟಿ ಹಿಡಿಸುತ್ತದೆ.
ಹಾಕಿ ನೋಡಿದ್ದೇನೆ.

ಬೆಂಚಿನ ಮೇಲೆ, ಹರಿದ ಬನಿಯನ್ನಿನ ಮೇಲೆ,
ಮೂರು ಕ್ಯಾಮ್‌ಶಾಫ್ಟು.
ಕಂಪನಿಯದು; ಇನ್ನೂರ ಅರವತ್ತೆಂಟು ಡಿಗ್ರಿಯದು;
ಮುನ್ನೂರಕ್ಕೆ ನಾಲ್ಕೇ ಕಡಿಮೆ ಇರುವುದು.
ಕಣ್ಣಿಗೆ ಮೂರೂ ಒಂದೇ ಬಸುರಿನ ಮಕ್ಕಳು.
ಹೆಬ್ಬೆರಳು ಸವರಿದರೆ ಮಾತ್ರ
ಮೂರನೆಯದರ ಭುಜ ಕೊಂಚ ಜಾಸ್ತಿಯೇ ಅಗಲ.

‘ಒಳಗೆ ತರೋ ವಾಲ್ವು, ಹೊರಗೆ ಕಳಿಸೋ ವಾಲ್ವು.
ತಲೆಬಾಗಿಲು, ಹಿತ್ತಿಲ ಬಾಗಿಲು ಇದ್ದಂಗೆ ಕಣಮ್ಮ.
ಒಂದು ಪೂರಾ ಮುಚ್ಚೋ ಮೊದಲೇ ಇನ್ನೊಂದು ತೆರೀತದೆ.
ಎರಡೂ ತೆರೆದಿರೋ ಆ ಗಳಿಗೆ
ಎಷ್ಟು ಉದ್ದ ಇರಬೇಕು, ಅಷ್ಟೇ ಲೆಕ್ಕ.
ಗಾಳಿ ಜೋರಿದ್ರೆ ಹೊಗೇನ ದೂಡ್ಕೊಂಡು ಹೋಗ್ತದೆ.
ಇಲ್ದಿದ್ರೆ ಹಿತ್ತಿಲ ಹೊಗೆ ಅಡುಗೆಮನೆಗೇ ವಾಪಸ್ಸು.’

ನನಗೆ ಗೊತ್ತು.
ಶಿಡ್ಲಘಟ್ಟದ ನಮ್ಮ ರೀಲಿಂಗ್ ಶೆಡ್ಡಿನಲ್ಲೂ ಇತ್ತು
ಅಬ್ಬಾಜಾನ್ ಕೈಯಾರೆ ಅರದಿಂದ ಉಜ್ಜಿ ಕೂರಿಸಿದ ಒಂದು ಮೊಟ್ಟೆಚಕ್ರ.
ತಾನು ತಿರುಗುವುದು ಸುತ್ತ, ಎಳೆಯನ್ನು ಆಡಿಸುವುದು ಅತ್ತಿತ್ತ.
ಆಡಿಸದೆ ಹೋದರೆ ಎಳೆಯ ಮೇಲೇ ಎಳೆ ಕೂತು ಅಂಟಿ
ಲಡಿ ಬಿಚ್ಚುವಾಗ ಪಟಪಟ ಹರಿಯುತ್ತದೆ.
ಅದು ಕೂದಲಷ್ಟು ಸವೆದರೂ ಅವರಿಗೆ ಶಬ್ದದಲ್ಲೇ ತಿಳಿದು
ಊಟದ ನಡುವೆ ಎದ್ದು ಹೋಗುತ್ತಿದ್ದರು,
ಬೆರಳಿನ ಅನ್ನ ಹಾಗೇ.

‘ಮುಬೀನಮ್ಮ, ಬಲ ಎಲ್ಲಿ ಬೇಕು ಹೇಳು.
ಎರಡು ಸಾವಿರದಲ್ಲೋ ಆರು ಸಾವಿರದಲ್ಲೋ?
ಎಲ್ಲಾ ಕಡೆ ಬೇಕು ಅಂದ್ರೆ
ಎಲ್ಲೂ ಸಿಗಲ್ಲ.’

ಚಹಾ ಬಂತು. ಆರಿತು.
ನಿಜ ಹೇಳಬೇಕೆಂದರೆ ಈ ಕಾರು
ವಾರಕ್ಕೆ ಆರು ದಿನ ಗೂಡಿನ ಮಾರ್ಕೆಟ್ಟಿನ ಮುಂದೆ
ಕುರಿಗಳ ಹಿಂದೆ, ಲಗೇಜ್ ಆಟೋಗಳ ಹಿಂದೆ
ಮೊದಲ ಗೇರಿನಲ್ಲಿ ತೆವಳುತ್ತದೆ.
ಡಿಕ್ಕಿಯಲ್ಲಿ ಗೂಡು, ಸೀಟಿನಲ್ಲಿ ಗೂಡು,
ಏಸಿಯ ಬಾಯಲ್ಲೂ ಗೂಡಿನ ನಾತ.
ಭಾನುವಾರ ಒಂದೇ, ಬೆಳಗಿನ ಒಂದೂವರೆ ಗಂಟೆ, ಬೆಟ್ಟ.

ದೊಡ್ಡ ಎಂಜಿನ್ನಿಗೆ ನಡುವಿನ ಕ್ಯಾಮು
ಎಂದು ಗಂಗುಲಪ್ಪ ಆಗಲೇ ಮನಸ್ಸಿನಲ್ಲಿ ಬೋಲ್ಟು ಬಿಗಿಯುತ್ತಿದ್ದ.
‘ಹೆಡ್‌ಮಾಸ್ಟರದು,’ ಅಂದೆ.
ಸರಿ, ಎಂದ.
‘ಅದಕ್ಕೆ ಮೂರನೆಯದು.’

ಸ್ಪ್ಯಾನರ್ ಕೆಳಗಿಟ್ಟ.
ಹೆಡ್ ತೇಯಬೇಕು, ಸ್ಪ್ರಿಂಗು ಬದಲಿಸಬೇಕು, ಜೆಟ್ಟು ದೊಡ್ಡದಾಗಬೇಕು,
ಪೆಟ್ರೋಲು ಕುಡಿಯುತ್ತದೆ, ಸಿಗ್ನಲ್ಲಿನಲ್ಲಿ ನಿಂತುಬಿಡುತ್ತದೆ,
ಐಡ್ಲಿಂಗಿನಲ್ಲಿ ಕುಂಟುತ್ತದೆ.
ಕುಂಟಲಿ.

ಹದಿನೆಂಟು ದಿನ.
ಹತ್ತೊಂಬತ್ತನೆಯ ಸಂಜೆ ಕೀಲಿ ತಿರುಗಿಸಿದೆ.
ತಡ್ ತಡ್, ಗ್ಯಾಪು, ತಡ್,
ಶಿಡ್ಲಘಟ್ಟ ಸರ್ಕಲ್ಲಿಗೆಲ್ಲ ಕೇಳಿಸುವ ಹಾಗೆ.
‘ಅಕ್ಕಾ, ಗಾಡಿಗೆ ನೆಗಡಿ,’ ಚಹಾದ ಹುಡುಗ ನಕ್ಕ.
ಗಂಗುಲಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ಡಿಗೊತ್ತಿ
ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ,
ಎಡಗೈಯಲ್ಲಿ ನನಗೆ ಸನ್ನೆ ಮಾಡಿದ: ಕೊಡು, ಕೊಡು.

ಪೆಡಲು ಒತ್ತಿದೆ.
ಮೂರು ಸಾವಿರ, ಇನ್ನೂ ಕೆಮ್ಮು.
ಮೂರೂವರೆ. ಕಿಟಕಿಯ ಗಾಜು ನಡುಗಿತು.
ನಾಲ್ಕು ದಾಟಿತು ಮುಳ್ಳು.
ಹುಡುಗ ನಗು ನಿಲ್ಲಿಸಿ
ಗ್ಲಾಸುಗಳ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.